ಬಿಸಿಲು ನೋಡಿ ಮನೆ ಹಿಡಿದ ಆರ್ಡಿಸ್

ಆರ್ಡಿಸ್ ಟಾಲೆಫ್ಸನ್ ಮರುಭೂಮಿಯ ನಮ್ಮ ಟೂಸಾನ್ ಊರಿಗೆ ಬಂದಾಗ ಅವಳಿಗೆ ಅರವತ್ತೇಳು. ಅದಕ್ಕೆ ಮುಂಚೆ ಮೂವತ್ತೊಂದು ವರ್ಷ ದೂರದ ಡುಲೂತ್‌ನಲ್ಲಿ ಮನೆಮನೆಗೆ ನಡೆದು ಅಂಚೆ ಹಂಚಿದವಳು. ಆ ಊರು ಉತ್ತರದ ದೊಡ್ಡ ಸರೋವರದ ದಂಡೆಯಲ್ಲಿ ಗುಡ್ಡದ ಮೈಗೆ ಅಂಟಿಕೊಂಡಿದೆ. ವರ್ಷಕ್ಕೆ ಐದು ತಿಂಗಳು ಹಿಮ. ಹೆಗಲಿಗೆ ಚೀಲ ಏರಿಸಿ ದಿನಕ್ಕೆ ಹತ್ತು ಮೈಲಿ ಹತ್ತಿ ಇಳಿದ ಕಾಲುಗಳು ಇನ್ನೂ ಗಟ್ಟಿಯಾಗಿದ್ದವು. ಕೈಕೊಟ್ಟದ್ದು ಕಣ್ಣು. ನೋಟದ ನಟ್ಟನಡುವೆ ಯಾರೋ ಮಸಿ ತಿಕ್ಕಿದಂತಾಗಿ ಅಂಚು ಮಾತ್ರ ಉಳಿಯಿತು. ಎದುರು ನಿಂತವರ ಮುಖ ಕಾಣದು, ಅವರ ಚಪ್ಪಲಿ ಕಾಣುತ್ತದೆ. ಡಾಕ್ಟರು ಇನ್ನು ಕಾರು ಓಡಿಸಕೂಡದು ಎಂದುಬಿಟ್ಟರು. ಈ ದೇಶದಲ್ಲಿ ಕಾರು ಓಡಿಸಲಾಗದ ಮುದುಕಿಗೂ ಮನೆಯ ಮೂಲೆಯ ಕುರ್ಚಿಗೂ ಹೆಚ್ಚು ವ್ಯತ್ಯಾಸವಿಲ್ಲ. ಯಾರಾದರೂ ಎತ್ತಿ ಇಟ್ಟ ಕಡೆ ಇರಬೇಕು.

ಎತ್ತಿ ಇಡಲು ಮಗಳು ಬ್ರಿಟಾ ತಯಾರಾಗಿದ್ದಳು. ಅವಳು ಇಲ್ಲಿನ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಪಾಠ ಹೇಳುವವಳು. ನೀರೇ ಇಲ್ಲದ ಊರಿನಲ್ಲಿ ನೀರಿನ ಶಾಸ್ತ್ರ ಕಲಿಸಿ ಹೊಟ್ಟೆ ಹೊರೆಯುವವಳು. ಮನೆ ಮಾತ್ರ ಊರಾಚೆ ಹದಿನಾಲ್ಕು ಮೈಲಿ ದೂರದ ಬೆಟ್ಟದ ತಪ್ಪಲಲ್ಲಿ. ಅಮ್ಮನಿಗೆಂದು ಒಂದು ಕೋಣೆಗೆ ಬಣ್ಣ ಬಳಿಸಿ, ಪರದೆ ಹಾಕಿಸಿ ಇಟ್ಟಿದ್ದಳು. ಆರ್ಡಿಸ್ ಬಂದ ದಿನವೇ ಆ ಮನೆಯಿಂದ ಹೊರಬಿದ್ದು ಅರ್ಧ ಗಂಟೆ ನಡೆದು ನೋಡಿದಳು. ಸಿಕ್ಕಿದ್ದು ಮೂರು ಕಬ್ಬಿಣದ ಗೇಟು, ಮೂರಕ್ಕೂ ಬೀಗ. ಒಂದು ಲೋಟ ಹಾಲು ಬೇಕೆಂದರೂ ಮಗಳ ಕಾರಿನ ದಾರಿ ಕಾಯಬೇಕು ಎಂದು ಅವಳಿಗೆ ತಿಳಿಯಿತು. ಅವತ್ತು ಸಂಜೆ ತಾಯಿಗೂ ಮಗಳಿಗೂ ಜಟಾಪಟಿ ಹತ್ತಿತು. ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು.

ಕೊನೆಗೊಂದು ಒಪ್ಪಂದವಾಯಿತು. ಏಪ್ರಿಲ್‌ನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಆರ್ಡಿಸ್ ತನಗೆ ಬೇಕಾದ ಕಡೆ ಬಾಡಿಗೆಗೆ ಮನೆ ಹಿಡಿದು ಒಬ್ಬಳೇ ಇರಬಹುದು. ಆದರೆ ಒಂದು ಸಲವಾದರೂ ಕಾರಿಗಾಗಿ ಯಾರಿಗಾದರೂ ಫೋನ್ ಮಾಡಿದಳೋ, ಗಂಟುಮೂಟೆ ಕಟ್ಟಿಕೊಂಡು ಬೆಟ್ಟದ ಮನೆಗೆ ಬರಬೇಕು, ಮತ್ತೆ ಆ ಮಾತು ಎತ್ತಕೂಡದು. ಫೋನ್ ಮಾಡದೆ ಅವಧಿ ಮುಗಿಸಿದರೆ ಅಲ್ಲೇ ಇದ್ದುಬಿಡಬಹುದು. ಇತ್ತ ಬ್ರಿಟಾ ಕೂಡ ಅಲ್ಲಿಯವರೆಗೆ ಮನೆಯ ಕಡೆ ಸುಳಿದು ಕಾವಲು ಕಾಯಕೂಡದು. ಭಾನುವಾರ ಕಾಲೇಜಿನ ಹತ್ತಿರದ ಹೋಟೆಲಿನಲ್ಲಿ ಒಟ್ಟಿಗೆ ಊಟ, ಅಷ್ಟೆ. ಬ್ರಿಟಾ ಬೇಗನೆ ಒಪ್ಪಿಕೊಂಡಳು. ಅವಳು ಈ ಊರಿನ ಬೆಂಕಿ ಸುರಿಯುವ ಹನ್ನೆರಡು ಜೂನ್ ತಿಂಗಳು ಕಂಡವಳು. ಅವಳ ಅಮ್ಮ ಒಂದನ್ನೂ ಕಂಡಿರಲಿಲ್ಲ.

ಮನೆ ಹುಡುಕಲು ಆರ್ಡಿಸ್‌ಗೆ ಇದ್ದದ್ದು ಮಾರ್ಚಿಯ ಒಂದು ವಾರ. ಮಾರ್ಚಿಯಲ್ಲಿ ನಮ್ಮೂರು ಮದುವಣಗಿತ್ತಿ. ಕಿತ್ತಳೆ ಹೂವಿನ ಪರಿಮಳ, ತಂಪುಗಾಳಿ, ಎಳೆಬಿಸಿಲು. ಈ ಬೆಡಗಿಗೆ ಮರುಳಾಗಿ ಮನೆ ಹಿಡಿದು ಜೂನಿನಲ್ಲಿ ತಲೆ ಚಚ್ಚಿಕೊಂಡವರು ಎಷ್ಟೋ ಮಂದಿ. ಆದರೆ ಆರ್ಡಿಸ್ ಹೂವು ಗಾಳಿಗೆ ಸೋಲುವವಳಲ್ಲ. ಅವಳು ಬೀದಿಯನ್ನು ನೋಡಿದ್ದು ಅಂಚೆಯವಳ ಕಣ್ಣಿನಿಂದ, ಅದಕ್ಕಿಂತ ಹೆಚ್ಚಾಗಿ ಅಂಚೆಯವಳ ಕಾಲಿನಿಂದ. ಗೇಟಿನ ಹಿಂದಿನ ನಾಯಿ ಎರಡು ಸಲ ಬೊಗಳಿ ಸುಮ್ಮನಾದರೆ ಅದು ನಡೆಯುವ ಮನುಷ್ಯರನ್ನು ಕಂಡ ನಾಯಿ. ಬೀದಿ ಮುಗಿಯುವವರೆಗೂ ಬೊಗಳಿದರೆ ಆ ಬೀದಿಯಲ್ಲಿ ಎಲ್ಲರೂ ಕಾರಿನಲ್ಲೇ ಓಡಾಡುವವರು. ಎರಡು ಮನೆಗಳ ನಡುವೆ ಅಂಗಳದಲ್ಲಿ ಸವೆದ ದಾರಿ ಇದ್ದರೆ ಅಲ್ಲಿ ನೆರೆಹೊರೆ ಇದೆ ಎಂದರ್ಥ. ಅಂಗಡಿಗೆ ಎಷ್ಟು ಹೆಜ್ಜೆ, ಲೈಬ್ರರಿಗೆ ಎಷ್ಟು, ಟ್ರಾಮಿಗೆ ಎಷ್ಟು ಎಂದು ಬಾಯಲ್ಲೇ ಎಣಿಸುತ್ತ, ಒಂದೊಂದು ಕೇರಿಯನ್ನೂ ಮೂರು ಮೂರು ಸಲ ತುಳಿದಳು.

ಹೀಗೆ ಹುವಾನಿತಾ ಬೀದಿಗೆ ಬಂದಳು. ಎರಡೂ ಕಡೆ ಹಳೆಯ ಮೆಸ್ಕೀಟ್ ಮರಗಳು ತಲೆಯ ಮೇಲೆ ಕೈಕೈ ಹಿಡಿದು ನಿಂತ ಬೀದಿ ಅದು. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತವರು ಅವಳಿಗೆ ನಮಸ್ಕಾರ ಹೇಳಿದರು. ಖಾಲಿ ಮನೆಯೂ ಇತ್ತು. ಇಪ್ಪತ್ತು ಹೆಜ್ಜೆ ಇಟ್ಟವಳು ಗಕ್ಕನೆ ನಿಂತು ಹಿಂದಕ್ಕೆ ತಿರುಗಿದಳು. ನೆರಳು! ಡುಲೂತ್‌ನ ಅಂಚೆಯವರಿಗೆ ನೆರಳೆಂದರೆ ಯಮ. ನೆರಳು ಬಿದ್ದ ಕಾಲುದಾರಿಯಲ್ಲಿ ಮಂಜುಗಡ್ಡೆ ಏಪ್ರಿಲ್‌ವರೆಗೂ ಕರಗುವುದಿಲ್ಲ. ಅವಳ ಕಚೇರಿಯಲ್ಲೇ ಇಬ್ಬರು ಹಾಗೆ ಜಾರಿ ಸೊಂಟ ಮುರಿದುಕೊಂಡಿದ್ದರು, ಅವಳ ಎಡ ಮಣಿಕಟ್ಟೂ ಒಮ್ಮೆ ಮುರಿದಿತ್ತು. ಬಿಸಿಲಿನ ಪಕ್ಕ ಹಿಡಿದು ನಡೆ ಎನ್ನುವುದು ಅಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನದ ಪಾಠ. ಹುವಾನಿತಾ ಬೀದಿಗೆ ಕಾಟು ಹಾಕಿ ಪಕ್ಕದ ಪಲೋಮಾ ಬೀದಿಗೆ ಹೋದಳು. ಅಲ್ಲಿ ಮರವೆಂಬ ಮರವಿಲ್ಲ. ಬೆಳಿಗ್ಗೆ ಸೂರ್ಯ ಹುಟ್ಟಿದ ಕೂಡಲೇ ಪಡುವಣ ಸಾಲಿನ ಮನೆಗಳ ಮುಂದೆ ಬಿಸಿಲು ಹಾಸಿಬಿಡುತ್ತದೆ. ಅಗಲವಾದ, ಒಣಗಿದ, ಜಾರದ ಕಾಲುದಾರಿ. ಆರ್ಡಿಸ್‌ಗೆ ಕಣ್ಣು ತುಂಬಿ ಬಂತು. ಆ ಸಾಲಿನಲ್ಲೇ ಒಂದು ಪುಟ್ಟ ಮನೆ ಹಿಡಿದಳು.

ಆ ಬೀದಿಗಳಿಗೆ ಅಂಚೆ ತರುವವನು ಎಫ್ರಾಯಿನ್. ಐವತ್ತರ ಆಸುಪಾಸಿನ ಮಿತಭಾಷಿ. ತಾನೂ ಅಂಚೆಯವಳೆಂದು ಆರ್ಡಿಸ್ ಹೇಳಿಕೊಂಡ ಮೇಲೆ ಇಬ್ಬರಿಗೂ ಮಾತು ಬೆಳೆಯಿತು. ಒಂದು ದಿನ ಅವನು, ಅವಳು ಬೇಕೆಂದೇ ರಸ್ತೆ ದಾಟಿ ಬಿಸಿಲಿನ ಪಕ್ಕಕ್ಕೆ ಹೋಗುವುದನ್ನು ಕಂಡು ಯಾಕೆಂದು ಕೇಳಿದ. ಅವಳು ಮಂಜುಗಡ್ಡೆಯ ಕಥೆ ಹೇಳಿದಳು.

"ಮೇಡಂ, ಇಲ್ಲಿ ಮಂಜುಗಡ್ಡೆ ಸಿಗೋದು ಅಂಗಡೀಲಿ. ಚೀಲದಲ್ಲಿ ಕಟ್ಟಿ ಕೊಡ್ತಾರೆ," ಎಂದ ಎಫ್ರಾಯಿನ್.

ಅವಳೂ ನಕ್ಕಳು. ನಕ್ಕದ್ದು ಬಾಯಿ, ಕಾಲಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಮೂವತ್ತೊಂದು ವರ್ಷದ ನೌಕರಿಯ ಗುಣವೂ ಹಾಗೆಯೇ. ಮರುದಿನವೂ ಅವಳ ಕಾಲು ತಾನಾಗಿ ಬಿಸಿಲಿನ ಪಕ್ಕವನ್ನೇ ಹುಡುಕಿತು.

ಏಪ್ರಿಲ್ ಸುಖವಾಗಿ ಕಳೆಯಿತು. ಮೇ ತಿಂಗಳಲ್ಲಿ ಬೆವರಿದಳು. ಜೂನ್ ಎರಡನೆಯ ವಾರ, ಜ್ವರವಾಗಿ ಮೈಗೆ ಬಂದಿದ್ದರೆ ಆಸ್ಪತ್ರೆಗೆ ಓಡುವಂಥ ನೂರೆಂಟು ಡಿಗ್ರಿ ಗಾಳಿಗೇ ಬಂದು ಕೂತಿತು. ಡುಲೂತ್‌ನಲ್ಲಿ ಚಳಿ ಬಿಟ್ಟ ಮೇಲೆ, ಅಂದರೆ ಬೆಳಿಗ್ಗೆ ಹತ್ತಕ್ಕೆ, ಸಾಮಾನಿಗೆ ಹೊರಡುವುದು ಅವಳ ರೂಢಿ. ಅವತ್ತೂ ಹಾಗೇ ಹೊರಟು ಹಾಲು, ಬ್ರೆಡ್ಡು ಕೊಂಡು ಹಿಂದಿರುಗುವಾಗ ಪಾದದ ಅಡಿಯಿಂದ ಕಾವು ಏರಿ, ತಲೆ ಗಿರ್ರೆಂದಿತು. ಯಾರದೋ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಮನೆಗೆ ಇನ್ನು ನಾನೂರು ಹೆಜ್ಜೆ. ಜೇಬಿನಲ್ಲಿ ಫೋನಿತ್ತು. ಬೆಟ್ಟದ ಮನೆಯ ಆ ಬಣ್ಣ ಬಳಿದ ಕೋಣೆ ಕಣ್ಣ ಮುಂದೆ ಬಂತು. ಅವಳು ಫೋನು ತೆಗೆದು, ಹಿಡಿದು, ಮತ್ತೆ ಜೇಬಿಗೆ ಹಾಕಿದಳು. ಅಷ್ಟು ಹೆದರಿಕೆ ಅವಳಿಗೆ ಗಂಡ ಸತ್ತಾಗಲೂ ಆಗಿರಲಿಲ್ಲ.

ಎಫ್ರಾಯಿನ್ ಆ ಹೊತ್ತಿಗೆ ಅಲ್ಲಿಗೆ ಬಂದದ್ದು ಅವಳ ಪುಣ್ಯ. ತನ್ನ ನೀರಿನ ಸೀಸೆ ಅವಳ ಬಾಯಿಗೆ ಹಿಡಿದ, ಅರ್ಧ ನೀರನ್ನು ಅವಳ ನೆತ್ತಿಗೇ ಸುರಿದ. ಮಗಳಿಗೆ ಫೋನ್ ಮಾಡಲೇ ಎಂದು ಕೇಳಿದ. ಬೇಡವೆಂದಳು. ಅಂಚೆಯ ಗಾಡಿಯಲ್ಲಿ ಹೊರಗಿನವರನ್ನು ಕೂರಿಸುವಂತಿಲ್ಲ. ಅದು ಇಬ್ಬರಿಗೂ ಗೊತ್ತಿದ್ದರಿಂದ ಆ ಮಾತು ಬರಲೇ ಇಲ್ಲ. ಅವನು ಅವಳ ತೋಳು ಹಿಡಿದು ಎರಡು ಮನೆಗಳ ಸಂದಿಯಲ್ಲಿ ನಡೆಸಿಕೊಂಡು ಹಿಂದಕ್ಕೆ ಕರೆದೊಯ್ದ.

ಮನೆಗಳ ಹಿಂದೆ ಒಂದು ಗಲ್ಲಿ ಇತ್ತು. ಕಸದ ಡಬ್ಬಿ ಇಡುವ ಮಣ್ಣಿನ ಗಲ್ಲಿ ಎಂದು ಆರ್ಡಿಸ್ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದರ ಒಂದು ಮಗ್ಗುಲಿಗೆ ಪಲೋಮಾ ಬೀದಿಯ ಹಿತ್ತಿಲುಗಳು, ಇನ್ನೊಂದು ಮಗ್ಗುಲಿಗೆ ಹುವಾನಿತಾ ಬೀದಿಯವು. ಅವಳು ಕಾಟು ಹಾಕಿದ್ದ ಆ ಬೀದಿಯ ಹಿತ್ತಿಲ ಮರಗಳೆಲ್ಲ ಗೋಡೆಯ ಮೇಲಿಂದ ಗಲ್ಲಿಗೆ ಬಾಗಿ, ಈ ತುದಿಯಿಂದ ಆ ತುದಿವರೆಗೆ ಚಪ್ಪರ ಹಾಕಿದ್ದವು. ಆ ನೆರಳಿಗೆ ಕಾಲಿಟ್ಟಾಗ ಆರ್ಡಿಸ್‌ಗೆ ಯಾರೋ ಕೊರಳಿನ ಕುಣಿಕೆ ಬಿಚ್ಚಿದಂತಾಯಿತು. ಎಫ್ರಾಯಿನ್ ಒಂದು ನೀಲಿ ಹಿತ್ತಿಲ ಬಾಗಿಲು ತಟ್ಟಿದ. ಚೇಲೋ ಬ್ರಾಕಾಮೋಂತೆ ಹೊರಬಂದಳು. ಎಪ್ಪತ್ತನಾಲ್ಕು ವರ್ಷದ, ಗುಂಡುಗುಂಡಾದ, ಆ ಗಲ್ಲಿಯಲ್ಲೇ ಹುಟ್ಟಿ ಬೆಳೆದ ಹೆಂಗಸು. ಒದ್ದೆ ಬಟ್ಟೆಯನ್ನು ಆರ್ಡಿಸ್‌ಳ ಕತ್ತಿಗೆ ಸುತ್ತಿ, ಉಪ್ಪು ನಿಂಬೆಹುಳಿ ಹಿಂಡಿದ ನೀರು ಕುಡಿಸಿ, ಉಸಿರು ಸರಿಯಾದ ಮೇಲೆ ಬಯ್ಯಲು ಕೂತಳು.

"ಹತ್ತು ಗಂಟೆ ಬಿಸಿಲಲ್ಲಿ ನಾಯೀನೂ ನಡಿಯಲ್ಲ ಕಣ್ರೀ. ನೀವು ಎರಡು ತಿಂಗಳಿಂದ ಬಿಸಿಲನ್ನೇ ಹುಡುಕ್ಕೊಂಡು ನಡೀತಿದ್ರಲ್ಲ, ಇಡೀ ಕೇರಿ ನೋಡ್ತಿತ್ತು."

"ನೋಡಿದ್ರೆ ಒಂದು ಮಾತು ಹೇಳಬಾರ್ದಿತ್ತಾ?"

"ಹೆಂಗೆ ಹೇಳೋದು? ಹರಕೆ ಹೊತ್ಕೊಂಡಿದೀರ ಅಂದ್ಕೊಂಡ್ವಿ. ಹರಕೆಯೋರನ್ನ ತಡೆದ್ರೆ ಪಾಪ ಸುತ್ಕೊಳ್ಳುತ್ತೆ."

ಇದು ಗಡಿಯಾಚೆಯ ಮಗ್ದಲೇನಾ ಎಂಬ ಊರಿನ ಸಂತನಿಗೆ ಹರಕೆ ಹೊತ್ತು ದಿನಗಟ್ಟಲೆ ನಡೆದು ಹೋಗುವವರ ಊರು. ಮಗುವಿನ ಕಾಯಿಲೆ ವಾಸಿಯಾದರೆ ಬರಿಗಾಲಲ್ಲಿ ಬರುತ್ತೇನೆ, ಗಂಡ ಕುಡಿತ ಬಿಟ್ಟರೆ ಬಿಸಿಲಲ್ಲಿ ಬರುತ್ತೇನೆ ಎನ್ನುವವರು ಮನೆಗೊಬ್ಬರು. ಉತ್ತರದಿಂದ ಬಂದ ಬಿಳಿಯ ಹೆಂಗಸು ನೆರಳು ಬಿಟ್ಟು ಬಿಸಿಲಲ್ಲಿ ನಡೆಯುತ್ತಾಳೆಂದರೆ ಎಂಥ ದೊಡ್ಡ ಹರಕೆಯೋ ಎಂದು ಎರಡು ಬೀದಿಯವರೂ ದೂರದಿಂದಲೇ ಕೈಮುಗಿದು ಸುಮ್ಮನಿದ್ದರು. ಎಫ್ರಾಯಿನ್‌ಗೆ ನಿಜ ಗೊತ್ತಿತ್ತು. ಆದರೆ ಅವನನ್ನು ಯಾರೂ ಕೇಳಲಿಲ್ಲ, ಕೇಳದೆ ಅವನು ಬಾಯಿ ಬಿಡುವವನಲ್ಲ. ಆರ್ಡಿಸ್ ಸಂತರನ್ನು ಪೂಜಿಸದ ಲೂಥರನ ಪಂಥದವಳು, ಹರಕೆ ಎಂದರೇನೆಂದೇ ಅರಿಯಳು. ಮಂಜುಗಡ್ಡೆಯ ಭಯ ಎಂದು ಅವಳು ಹೇಳಿದಾಗ ಚೇಲೋ ನಕ್ಕು ನಕ್ಕು ಸೆರಗಿಲ್ಲದ ಕಾರಣ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು.

ಅಲ್ಲಿಂದ ಆರ್ಡಿಸ್‌ಳ ದಿನಚರಿ ತಲೆಕೆಳಗಾಯಿತು. ಬೆಳಗಿನ ಜಾವ ಐದಕ್ಕೆ ಅವಳ ಹಿತ್ತಿಲ ಬಾಗಿಲು ತೆರೆಯುವುದು, ಮುಂಬಾಗಿಲು ತೆರೆಯುವುದೇ ಇಲ್ಲ. ಗಲ್ಲಿಯಲ್ಲಿ ಆಗಲೇ ನಾಲ್ಕೈದು ಹೆಂಗಸರು ಸೇರಿರುತ್ತಿದ್ದರು. ಗಲ್ಲಿ ಹಿಡಿದು ನಡೆದರೆ ಅಂಗಡಿಯ ಹಿಂಬಾಗಿಲು, ಇನ್ನೊಂದು ಗಲ್ಲಿ ದಾಟಿದರೆ ಲೈಬ್ರರಿ, ಅದರಾಚೆ ಕಾಲೇಜು. ಆರಕ್ಕೆ ಅಂಗಡಿ ಕೆಲಸ ಮುಗಿಸಿ, ಎಂಟರೊಳಗೆ ಬಾಗಿಲು ಹಾಕಿಕೊಂಡು ಕೂಲರಿನ ಕೆಳಗೆ ಕೂತರೆ ಸಂಜೆವರೆಗೆ ಹೊರಗಿನ ಬಿಸಿಲು ಯಾರಪ್ಪನದೋ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತನ್ನು ಅವಳ ಮಟ್ಟಿಗೆ ತಿದ್ದಬೇಕಾಯಿತು. ಯಾರ ಮುಖವೂ ಅವಳಿಗೆ ಕಾಣುತ್ತಿರಲಿಲ್ಲ, ಆದರೆ ತಿಂಗಳೊಳಗೆ ಎಲ್ಲರನ್ನೂ ನಡಿಗೆಯಿಂದ ಗುರುತಿಸುತ್ತಿದ್ದಳು. ಜುಲೈನಲ್ಲಿ ಮಳೆ ಬಂದಾಗ ಗಲ್ಲಿಯಲ್ಲಿ ಪಾದ ಮುಳುಗುವಷ್ಟು ನೀರು ಹರಿಯಿತು. ಆ ಹೆಂಗಸರೊಂದಿಗೆ ಅವಳೂ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಳು. ಅಷ್ಟು ಸಂತೋಷವಾಗಿ ಅವಳು ಎಷ್ಟೋ ವರ್ಷದಿಂದ ಇರಲಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಬಹುದಿತ್ತಲ್ಲ? ಆದರೆ ಡುಲೂತ್ ಕಡೆಯ ಜನ ಸ್ವರ್ಗಕ್ಕೆ ಹೋದರೂ "ಪರವಾಗಿಲ್ಲ" ಎನ್ನುವವರು. ಭಾನುವಾರ ಟ್ರಾಮು ಹತ್ತಿ ಹೋಟೆಲಿಗೆ ಬಂದ ಅಮ್ಮನನ್ನು ಬ್ರಿಟಾ ಹೇಗಿದ್ದೀ ಎಂದು ಕೇಳಿದರೆ "ಪರವಾಗಿಲ್ಲ." ಮನೆ ಹೇಗಿದೆ? "ಪರವಾಗಿಲ್ಲ." ಕೈಮೇಲೆ ಇದೇನು ಗೀರು, ಬಿದ್ದೆಯಾ? "ಪರವಾಗಿಲ್ಲ, ಬಿಡು." ಅದು ಚೇಲೋ ಜೊತೆ ಪಾಪಾಸುಕಳ್ಳಿಯ ಹಣ್ಣು ಕೀಳುವಾಗ ಮುಳ್ಳು ಗೀರಿದ್ದು. ಅಮ್ಮ ಸೊರಗಿದ್ದಾಳೆ, ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಬ್ರಿಟಾ ಲೆಕ್ಕ ಹಾಕಿದಳು.

ಇದೇ ಹೊತ್ತಿಗೆ ಪಲೋಮಾ ಬೀದಿಯಲ್ಲಿ ಒಂದು ಬೂದು ಕಾರಿನ ಗಲಾಟೆ ಎದ್ದಿತು. ದಿನಾ ಬೆಳಿಗ್ಗೆ ಏಳಕ್ಕೆ ಆರ್ಡಿಸ್‌ಳ ಮನೆಯ ಮುಂದೆ ಬಂದು ನಿಧಾನವಾಗುವುದು, ಒಂದು ನಿಮಿಷ ನಿಲ್ಲುವುದು, ಹೊರಟುಹೋಗುವುದು. ಒಂಟಿ ಹೆಂಗಸಿನ ಮನೆ ನೋಡಿಟ್ಟುಕೊಳ್ಳುವ ಕಳ್ಳನೇ ಇರಬೇಕೆಂದು ಚೇಲೋ ತೀರ್ಮಾನ ಕೊಟ್ಟಳು. ಎರಡು ಬೀದಿಯವರೂ ಪರದೆ ಸಂದಿಯಿಂದ ಅದರ ಮೇಲೆ ಕಣ್ಣಿಟ್ಟರು. ಎಫ್ರಾಯಿನ್ ಅದರ ನಂಬರು ಬರೆದುಕೊಂಡ.

ಸೆಪ್ಟೆಂಬರಿನ ಒಂದು ಮಂಗಳವಾರ, ಇನ್ನೂ ಆರೂವರೆ. ಗಲ್ಲಿಯಲ್ಲಿ ಹೆಂಗಸರು ಕಳ್ಳಿಹಣ್ಣಿನ ಬಕೆಟ್ ನಡುವೆ ಇಟ್ಟುಕೊಂಡು, ಇಕ್ಕಳದಲ್ಲಿ ಹಿಡಿದು ಮುಳ್ಳು ಸುಡುತ್ತಿದ್ದರು. ಆರ್ಡಿಸ್‌ಳ ಹಿತ್ತಿಲ ಬಾಗಿಲಿನಿಂದ ಯಾರೋ ಓಡಿ ಹೊರಬಂದರು. ಎಡಗಾಲನ್ನು ಚೂರು ಹೊರಕ್ಕೆ ಚೆಲ್ಲಿ ಇಡುವ ನಡಿಗೆ. ಒಂದೂವರೆ ವರ್ಷದ ಮಗುವಿದ್ದಾಗಿಂದ ಆರ್ಡಿಸ್ ಕಂಡ ನಡಿಗೆ ಅದು. "ಬ್ರಿಟಾ," ಎಂದು ಎದ್ದು ನಿಂತಳು.

ಬ್ರಿಟಾ ತಾಯಿಯ ಎರಡೂ ತೋಳು ಹಿಡಿದು ನಿಂತಳು. ಮುಂಬಾಗಿಲು ಬಡಿದಿದ್ದಳು, ತೆರೆಯಲಿಲ್ಲ. ತನ್ನ ಬಳಿ ಇದ್ದ ಬೀಗದ ಕೈಯಲ್ಲಿ ತೆರೆದು ಹೋದರೆ ಮನೆ ಖಾಲಿ. ಕಾರಿನಲ್ಲಿ ಸಾಮಾನು ತುಂಬಲು ರಟ್ಟಿನ ಪೆಟ್ಟಿಗೆಗಳನ್ನೂ ತಂದಿದ್ದಳು. ಅವಧಿ ಮುಗಿಯಲು ಇನ್ನೂ ಎರಡು ವಾರವಿದ್ದರೂ ಇವತ್ತೇ ಕರೆದೊಯ್ಯುವುದೆಂದು ನಿಶ್ಚಯಿಸಿ ಬಂದವಳು ಅವಳು.

"ಜೂನಿಂದ ದಿನಾ ಬೆಳಿಗ್ಗೆ ಏಳಕ್ಕೆ ಬಂದು ನೋಡಿದೀನಮ್ಮ. ಒಂದು ದಿನವೂ ನೀನು ಹೊರಗೆ ಕಾಣಲಿಲ್ಲ. ಬಾಗಿಲು ಹಾಕ್ಕೊಂಡು ಒಳಗೇ ಬಿದ್ದಿದೀಯ, ಹಟಕ್ಕೆ ಹೇಳ್ತಿಲ್ಲ ಅಂದ್ಕೊಂಡೆ. ನಂಗೆ ಭಯ ಆಗಿತ್ತು."

ಚೇಲೋ ಇಕ್ಕಳ ಕೆಳಗಿಟ್ಟಳು. "ಓಹೋ, ಬೂದು ಕಾರಿನ ಕಳ್ಳಿ ಇವಳೇನಾ? ನಾಳೆ ಪೊಲೀಸಿಗೆ ಹಿಡಿದು ಕೊಡೋರಿದ್ವಲ್ಲ."

ಹೆಂಗಸರೆಲ್ಲ ನಕ್ಕರು. ಬ್ರಿಟಾ ಮುಖ ಕೆಂಪಾಗಿರಬೇಕು, ಆರ್ಡಿಸ್‌ಗೆ ಕಾಣಲಿಲ್ಲ. ಕಾವಲು ಕಾಯಕೂಡದೆಂಬ ಮಾತು ಮುರಿದವಳು ಮಗಳೇ ಎಂದು ಅವಳು ಎತ್ತಿ ಆಡಬಹುದಿತ್ತು. ಆಡಲಿಲ್ಲ. ಜೂನಿನಲ್ಲಿ ಮೆಟ್ಟಿಲ ಮೇಲೆ ಕುಸಿದದ್ದು, ಫೋನು ತೆಗೆದು ಮತ್ತೆ ಇಟ್ಟದ್ದು, ಎಲ್ಲವನ್ನೂ ಅಲ್ಲೇ ನಿಂತು ಹೇಳಿದಳು. ಪರವಾಗಿಲ್ಲ ಎನ್ನದೆ ಅವಳು ಮಗಳ ಹತ್ತಿರ ಆಡಿದ ಮೊದಲ ಮಾತು ಅದಿರಬೇಕು. "ನಂಗೂ ಭಯ ಆಗಿತ್ತು ಕಣೆ," ಎಂದಳು. ಹೇಳಿ ಮುಗಿಸುವ ಹೊತ್ತಿಗೆ ಏಳೂಕಾಲು ದಾಟಿತ್ತು, ಕ್ಲಾಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

"ಎಂಟಕ್ಕೆ. ಈಗ ಕಾರು ತೆಗೆದ್ರೂ ಪಾರ್ಕಿಂಗ್ ಸಿಗಲ್ಲ."

"ಕಾರು ಅಲ್ಲೇ ಇರ್ಲಿ, ನಡಿ."

ಗಲ್ಲಿಯಿಂದ ಗಲ್ಲಿಗೆ, ಮರದ ಕೆಳಗಿಂದ ಮರದ ಕೆಳಗೆ, ಇಪ್ಪತ್ತಮೂರು ನಿಮಿಷ. ಹನ್ನೆರಡು ವರ್ಷದಲ್ಲಿ ಬ್ರಿಟಾ ತನ್ನ ಕಾಲೇಜಿಗೆ ನಡೆದು ಹೋದದ್ದು ಅದೇ ಮೊದಲು. ದಾರಿಯಲ್ಲಿ ಆರ್ಡಿಸ್ ಎಲ್ಲಿ ಬೇರು ಎದ್ದಿದೆ, ಎಲ್ಲಿ ತಲೆ ತಗ್ಗಿಸಬೇಕು ಎಂದು ಮಗಳಿಗೆ ಹೇಳುತ್ತ ನಡೆದಳು. ಗೇಟಿನ ಹತ್ತಿರ ನಿಂತು, ಮಗಳು ಒಳಗೆ ಹೋಗುವವರೆಗೆ ಹೆಜ್ಜೆಯ ಸದ್ದು ಕೇಳಿಸಿಕೊಂಡು ಹಿಂದಿರುಗಿದಳು. ಮನೆಗೆ ಬಂದರೆ ಎಫ್ರಾಯಿನ್ ಕಾಯುತ್ತಿದ್ದ. ಆ ಬೂದು ಕಾರು ಇವತ್ತು ಬಾಗಿಲಲ್ಲೇ ಠಿಕಾಣಿ ಹೂಡಿದೆ, ದೂರು ಕೊಡಲೇ ಎಂದು ಕೇಳಿದ. ಅದು ನನ್ನ ಮಗಳದು ಎಂದಳು ಆರ್ಡಿಸ್. ದಿನವಿಡೀ ಅದೇ ಮಾತನ್ನು ಐದಾರು ಜನಕ್ಕೆ ಹೇಳಬೇಕಾಯಿತು, ಅವಳಿಗೆ ಬೇಸರವಾಗಲಿಲ್ಲ.

ಸಂಜೆ ಬಿಸಿಲು ಇಳಿದ ಮೇಲೆ ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ಕಾರು ನಿಂತಿದ್ದದ್ದು ಮುಂದಿನ ರಸ್ತೆಯಲ್ಲಿ. ಬ್ರಿಟಾ ಬಂದದ್ದು ಗಲ್ಲಿಯಲ್ಲಿ. ಚಪ್ಪಲಿಯ ತುಂಬ ಮಣ್ಣು, ಕೈಯಲ್ಲಿ ಯಾರೋ ಕಾಗದದಲ್ಲಿ ಸುತ್ತಿ ಕೊಟ್ಟ ಬಿಸಿ ರೊಟ್ಟಿ. ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಕಾರಿನಲ್ಲಿದ್ದ ರಟ್ಟಿನ ಪೆಟ್ಟಿಗೆಗಳನ್ನು ಚೇಲೋಗೆ ಹಣ್ಣು ತುಂಬಲು ಕೊಟ್ಟುಬಿಡುತ್ತೇನೆ ಎಂದಳು. ಆಮೇಲೆ ಅಮ್ಮನ ಗೀರುಬಿದ್ದ ಕೈ ಹಿಡಿದುಕೊಂಡಳು.

"ಬರ್ತಾ ದಾರೀಲಿ ನಾಲ್ಕು ಜನ ತಡೆದು ಕೇಳಿದ್ರಮ್ಮ, ನೀನು ಆರ್ಡಿಸ್ ಮಗಳಾ ಅಂತ. ಹನ್ನೆರಡು ವರ್ಷ ಈ ಊರಲ್ಲಿದೀನಿ. ನಾನು ಯಾರ ಮಗಳು ಅಂತ ಇವತ್ತಿನವರೆಗೆ ಒಬ್ರೂ ಕೇಳಿರ್ಲಿಲ್ಲ."

ಆರ್ಡಿಸ್ ರೊಟ್ಟಿಯನ್ನು ಎರಡು ಪಾಲು ಮಾಡಿ ದೊಡ್ಡದನ್ನು ಮಗಳ ಕೈಗಿಟ್ಟಳು.